ಟರ್ಬೋ ಕೆಟ್ಟ ಕಾರಣ

ನಮ್ಮ ಜಗುಲಿಯ ಮೂಲೆಯಲ್ಲಿ ಒಂದು ಕಬ್ಬಿಣದ ವಸ್ತು ಕೂತಿದೆ. ಬಂದವರೆಲ್ಲ ಅದಕ್ಕೆ ಒಂದೊಂದು ಹೆಸರಿಡುತ್ತಾರೆ. ಸೊಪ್ಪು ಮಾರುವಾಕೆ ಬಸವನಹುಳು ಅಂದಳು. ಎದುರುಮನೆಯವರು ಹಳೇ ಗ್ರಾಮಫೋನಿನ ತುಂಡೇ ಎಂದು ಕೇಳಿದರು. ಕೋಲಾರದಿಂದ ಬಂದಿದ್ದ ನನ್ನ ಕಾನ್ವೆಂಟ್ ಗೆಳತಿ, ಈ ವಯಸ್ಸಿನಲ್ಲೂ ಲಿಪ್‌ಸ್ಟಿಕ್ ಬಿಡದವಳು, ಕನ್ನಡಕ ಏರಿಸಿಕೊಂಡು ಅದರ ಸುತ್ತ ಒಂದು ಸುತ್ತು ಬಂದು, "ಮಾಡರ್ನ್ ಆರ್ಟ್ ಏನೇ ಇದು? ಹೌ ಲವ್ಲಿ!" ಎಂದಳು. ನಾನೂ "ಯೆಸ್, ವೆರಿ ಮಾಡರ್ನ್" ಎಂದು ಸುಮ್ಮನಾದೆ. ಲಾರಿಯ ಟರ್ಬೋ ಎಂದರೆ ಅದರ ಕಥೆ ಹೇಳಬೇಕಾಗುತ್ತದೆ, ಅವಳಿಗೆ ಬಸ್ಸಿಗೆ ಹೊತ್ತಾಗಿತ್ತು. ನಿಮಗೇನೂ ಅವಸರವಿಲ್ಲವಲ್ಲ, ಕೂತುಕೊಳ್ಳಿ.

ನಾನು ಎಂಜಿನಿಯರ್ ಅಲ್ಲ. ಕಾನ್ವೆಂಟಿನಲ್ಲಿ ನನಗೆ ಬಂದ ಒಂದೇ ಒಂದು ಪ್ರೈಜ್ ನೀಡಲ್‌ವರ್ಕಿಗೆ. ಆದರೂ ಟರ್ಬೋ ಎಂದರೇನೆಂದು ಯಾರಾದರೂ ಕೇಳಿದರೆ ಹೇಳಬಲ್ಲೆ. ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆಯಿಂದಲೇ ಅದರೊಳಗಿನ ಒಂದು ಪುಟ್ಟ ಫ್ಯಾನ್ ತಿರುಗುತ್ತದೆ. ಆ ಫ್ಯಾನ್ ಕೂತ ಕಡ್ಡಿಯ ಇನ್ನೊಂದು ತುದಿಗೆ ಇನ್ನೊಂದು ಫ್ಯಾನ್. ಅದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಆಗ ಗಾಡಿಗೆ ಏರು ಹತ್ತುವ ಶಕ್ತಿ ಬರುತ್ತದೆ. ಅಷ್ಟೇ. ಸಿಸ್ಟರ್‌ಗಳು ಹೇಳಿಕೊಟ್ಟ ಸೈನ್ಸ್‌ಗಿಂತ ಇದು ನನಗೆ ಬೇಗ ಅರ್ಥವಾಯಿತು, ಏಕೆಂದರೆ ಇದನ್ನು ಹೇಳಿಕೊಟ್ಟವರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಲಿಲ್ಲ.

ಈ ಟರ್ಬೋ ಹೋದ ಮಾವಿನ ಸೀಸನ್ನಿನ ಹೊತ್ತಿಗೆ ಕೆಟ್ಟಿತು. ಅದರ ಜೊತೆಗೆ ನಮ್ಮ ಡ್ರೈವರ್ ಮುನಿರಾಜುವಿನ ಕೆಲಸವೂ ಹೋಗುವುದರಲ್ಲಿತ್ತು. ಮೀಸೆ ಮೂಡುವ ಮುಂಚೆ ನಮ್ಮ ಮನೆಗೆ ಬಂದವನು, ಈಗ ಅಳಿಯನನ್ನು ಕಂಡವನು. ಆ ಸ್ಟೀರಿಂಗ್ ಬಿಟ್ಟರೆ ಅವನಿಗೆ ಬೇರೆ ಬದುಕು ಗೊತ್ತಿಲ್ಲ. "ಗಾಡಿ ಹಾಳು ಮಾಡಿದೋನ ಕೈಗೆ ಇನ್ಮೇಲೆ ಬೀಗದಕೈ ಕೊಡಲ್ಲ ವದಿನಾ" ಎಂದು ನನ್ನ ಮೈದುನ ಶ್ರೀನಾಥ ಪಟ್ಟು ಹಿಡಿದಿದ್ದ. ನಮ್ಮ ಶ್ರೀನಿವಾಸಪುರದ ಕಡೆ ಅತ್ತಿಗೆಯನ್ನು ವದಿನಾ ಎಂದೇ ಕರೆಯುವುದು. ಕನ್ನಡದಲ್ಲಿ ಜಗಳ ಶುರುಮಾಡಿ ತೆಲುಗಿನಲ್ಲಿ ಮುಗಿಸುವ ಮನೆ ನಮ್ಮದು.

ನಾನು ಮಾತ್ರ ಮಾಲೂರಿನವಳು. ಅಪ್ಪ ಅಲ್ಲಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದರು. ಕಾರ್ಖಾನೆಯ ಸೈರನ್ ಕೂಗಿದರೆ ಅಮ್ಮ ಅನ್ನಕ್ಕೆ ಎಸರಿಡುತ್ತಿದ್ದಳು. ಗಡಿಯಾರ ಕೆಟ್ಟರೂ ನಮ್ಮ ಮನೆಯಲ್ಲಿ ಊಟ ತಡವಾಗುತ್ತಿರಲಿಲ್ಲ. ಊರೆಲ್ಲ ಕೆಂಪು ಧೂಳು. ಕೋಲಾರದ ಬೋರ್ಡಿಂಗಿಗೆ ರಜಾ ಮುಗಿಸಿ ಹೋದಾಗಲೆಲ್ಲ ಸಿಸ್ಟರ್ ಬಾಗಿಲಲ್ಲೇ ತಡೆದು, "ಮಾಲೂರ್ ಗರ್ಲ್, ಶೋ ಮಿ ಯುವರ್ ಸಾಕ್ಸ್" ಎನ್ನುತ್ತಿದ್ದರು. ಬಿಳೀ ಸಾಕ್ಸಿನ ಮೇಲೆ ನಮ್ಮೂರು ಅಂಟಿಕೊಂಡಿರುತ್ತಿತ್ತು. ಎಷ್ಟು ಸೋಪು ಹಾಕಿದರೂ ಬಿಡದು. ಈಗ ಆ ಕೆಂಪನ್ನು ನೆನೆಸಿಕೊಂಡರೆ ಕಣ್ಣು ಒದ್ದೆಯಾಗುತ್ತದೆ, ಆಗ ಅವಮಾನದಿಂದ ಆಗುತ್ತಿತ್ತು.

ಹುಡುಗನಿಗೆ ಟ್ರಾನ್ಸ್‌ಪೋರ್ಟ್ ಬಿಸಿನೆಸ್ ಎಂದು ಅಪ್ಪನಿಗೆ ಯಾರೋ ಹೇಳಿದರು. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಅಪ್ಪ ನಂಬಿದರು. ಮದುವೆಯಾಗಿ ಬಂದು ನೋಡಿದರೆ ಇದ್ದದ್ದು ಒಂದೇ ಲಾರಿ. ಅದೂ ಅವತ್ತು ಮನೆ ಮುಂದೆ ಇರಲಿಲ್ಲ, ರಿಪೇರಿಗೆ ಹೋಗಿತ್ತು. ಅದು ನಿಲ್ಲುವ ಜಾಗದಲ್ಲಿ ನೆಲಕ್ಕೆ ಬಿದ್ದ ಆಯಿಲ್ ಕಲೆಯನ್ನು ಅತ್ತೆಯವರು ಹೊಸ ಸೊಸೆಗೆ ತೋರಿಸಿದರು. ನಾನು ಒಳಗೊಳಗೇ "ಓ ಮೈ ಗಾಡ್" ಎಂದುಕೊಂಡೆ. ಆದರೆ ನನ್ನ ಗಂಡ, ಇವರು, ಒಳ್ಳೆಯವರು. ನನ್ನ ಜೊತೆ ಕನ್ನಡ, ಲಾರಿಯ ಜೊತೆ ತೆಲುಗು. ಏರಿನಲ್ಲಿ ಗಾಡಿ ಸುಸ್ತಾದರೆ ಸ್ಟೀರಿಂಗ್ ಸವರಿ "ಪದ ತಲ್ಲೀ, ಪದ", ನಡಿ ತಾಯಿ ನಡಿ, ಎನ್ನುತ್ತಿದ್ದರು. ನನ್ನನ್ನು ಅಷ್ಟು ಮುದ್ದಾಗಿ ಎಂದೂ ಕರೆಯಲಿಲ್ಲವೆಂದು ನಾನು ಬಹಳ ಕಾಲ ಜೆಲಸ್ ಆಗಿದ್ದೆ. ಲಾರಿಯ ಮೇಲೆ!

ಹಳೇ ಲಾರಿ ಹೋಗಿ ಟರ್ಬೋ ಇರುವ ಗಾಡಿ ಮನೆಗೆ ಬಂದಾಗ ಅದರ ಜೊತೆ ಒಂದು ಇಂಗ್ಲಿಷ್ ಪುಸ್ತಕ ಕೊಟ್ಟಿದ್ದರು. ನನ್ನ ಕಾನ್ವೆಂಟ್ ಓದು ಈ ಮನೆಯಲ್ಲಿ ಮೊದಲ ಸಲ ಕೆಲಸಕ್ಕೆ ಬಂದದ್ದು ಅವತ್ತೇ. ಇವರೂ ಮುನಿರಾಜುವೂ ಚಾಪೆಯ ಮೇಲೆ ಕಾಲು ಮಡಿಸಿ ಕೂತರು. ನಾನು ಟೀಚರ್ ಹಾಗೆ ಕುರ್ಚಿಯಲ್ಲಿ. ಓಡಿ ಬಂದ ಗಾಡಿಯನ್ನು ತಕ್ಷಣ ಆಫ್ ಮಾಡಬಾರದು, ಸ್ವಲ್ಪ ಹೊತ್ತು ನಿಂತಲ್ಲೇ ಎಂಜಿನ್ ಓಡಲು ಬಿಡಬೇಕು ಎಂದು ಅದರಲ್ಲಿ ಬರೆದಿತ್ತು. ಎಂಜಿನ್ ನಿಂತರೂ ಟರ್ಬೋದ ಫ್ಯಾನ್ ತಿರುಗುತ್ತಲೇ ಇರುತ್ತದೆ, ಆದರೆ ಅದಕ್ಕೆ ಹೋಗುವ ಆಯಿಲ್ ನಿಂತುಹೋಗುತ್ತದೆ, ಆಗ ಒಳಗಿನ ಬೇರಿಂಗ್ ಸುಡುತ್ತದೆ.

"ಓಡಿ ಬಂದೋರು ದಬಕ್ಕಂತ ಮಲಗಬಾರ್ದು ಅಂತಾರಲ್ಲ, ಹಂಗೆ ಅನ್ನು" ಎಂದರು ಇವರು. "ಗಾಡಿ ಉಸಿರು ತಗೊಳ್ಳಲಿ. ಕೇಳಿಸ್ತೇನ್ಲಾ ಮುನಿರಾಜು?"

"ಕೇಳಿಸ್ತು ಯಜಮಾನ್ರೇ. ಎಷ್ಟೊತ್ತು ಬಿಡ್ಬೇಕು?"

"ಅಮ್ಮ ಕಾಫಿ ಕೊಟ್ಟು, ನೀನು ಕುಡ್ಯೋಗಂಟ."

ಅಂದಿನಿಂದ ಅದೇ ನಮ್ಮ ಮನೆಯ ಪದ್ಧತಿ. ಮುಳಬಾಗಿಲು ರಸ್ತೆಯಲ್ಲಿ, ನಮ್ಮ ಮನೆಗೆ ಮುಂಚೆ ಒಂದು ದಿಬ್ಬ. ದಿಬ್ಬದ ಮೇಲೆ ಒಂದು ಹುಣಸೇಮರ. ಮರದ ಈಚೆಗೆ ಇಳಿಜಾರು, ಇಳಿಜಾರಿನ ನಡುವೆ ನಾವು. ಟೊಮೇಟೊ ಲೋಡು ಗಡಿಯಾಚೆ ಆಂಧ್ರದಲ್ಲಿ ಇಳಿಸಿ, ಖಾಲಿ ಕ್ರೇಟು ತುಂಬಿಕೊಂಡು ಗಾಡಿ ಮಧ್ಯಾಹ್ನ ಊಟದ ಹೊತ್ತಿಗೆ ದಿಬ್ಬ ಹತ್ತುತ್ತಿತ್ತು. ಆಗ ಟರ್ಬೋದ ಸಣ್ಣ ಸಿಳ್ಳೆ ಮನೆಯೊಳಗೆ ಕೇಳಿಸುತ್ತಿತ್ತು. ಇವರಿಗೆ ಕೇಳಿಸುತ್ತಿತ್ತು ಎನ್ನಬೇಕು, ನನ್ನ ಕಿವಿ ಎಷ್ಟೋ ವರ್ಷದಿಂದ ಅಷ್ಟಕ್ಕಷ್ಟೆ. "ಬಂದ ಕಣೇ, ಹಾಲಿಡು" ಎಂದರೆ ನಾನು ಹಾಲಿಡುವುದು. ಮನೆ ಮುಂದೆ ಗಾಡಿ ಗೊಣಗುಟ್ಟುತ್ತಾ ನಿಂತಿರುವಾಗ ನಾನು ಲೋಟವನ್ನು ಕ್ಯಾಬಿನ್ನಿನ ಕಿಟಕಿಗೆ ಚಾಚಬೇಕು. ಮುನಿರಾಜು ಸೀಟಿನಲ್ಲೇ ಕೂತು ಕುಡಿಯಬೇಕು. ಲೋಟ ಬರಿದಾದ ಮೇಲೆ ಬೀಗದಕೈ ತಿರುಗಿಸಬೇಕು. ಬೇಗ ಕುಡಿದು ಮುಗಿಸಬಾರದೆಂದು ಆ ಕಾಫಿಯನ್ನು ನಾನು ಬೇಕೆಂದೇ ಸುಡುಸುಡು ಕೊಡುತ್ತಿದ್ದೆ. "ಅಮ್ಮಾ, ಟರ್ಬೋ ಉಳೀತದೆ, ನನ್ ನಾಲ್ಗೆ ಉಳ್ಯಲ್ಲ" ಎಂದು ಅವನ ದಿನದ ಗೊಣಗಾಟ.

ಇವರಿಗೆ ಹೃದಯ ಸೋತು ಹಾಸಿಗೆ ಹಿಡಿದ ಮೇಲೆ ಎಲ್ಲ ಬದಲಾಯಿತು. ಆಸ್ಪತ್ರೆಯಿಂದ ಕರೆದುಕೊಂಡು ಬಂದವನು ಮುನಿರಾಜುವೇ. ಡಾಕ್ಟರು ಬಾಗಿಲ ಹತ್ತಿರ ನಿಂತು, "ಇನ್ನು ಮಾತ್ರೆಗಿಂತ ನಿದ್ದೆ ಮುಖ್ಯ, ಸದ್ದುಗದ್ದಲ ಬೇಡ, ಕಂಪ್ಲೀಟ್ ರೆಸ್ಟ್" ಎಂದಾಗ ಅವನೂ ಇದ್ದ. ತಲೆ ಆಡಿಸಿದ್ದ. ಮುಂದಿನ ರೂಮಿನಲ್ಲಿ ಮಂಚ ಹಾಕಿದೆವು. ಕಾಂಪೌಂಡ್ ಗೋಡೆ ಅಡ್ಡವಿದ್ದದ್ದರಿಂದ ಕಿಟಕಿಯಿಂದ ರಸ್ತೆ ಕಾಣುತ್ತಿರಲಿಲ್ಲ. ನಾನು ಅವರ ಪಕ್ಕ ಬಿಟ್ಟು ಏಳಲಾಗದೆ ಮುನಿರಾಜುವಿನ ಕಾಫಿಯನ್ನು ಫ್ಲಾಸ್ಕಿಗೆ ಹಾಕಿ ಜಗುಲಿಯ ಮೇಲೆ ಇಡಲು ಶುರುಮಾಡಿದೆ. ನನಗೂ ಊಟವಾದ ಮೇಲೆ ಕುರ್ಚಿಯಲ್ಲೇ ತಲೆ ವಾಲುತ್ತಿತ್ತು. ಎಚ್ಚರವಾಗಿ ಹೊರಗೆ ಇಣುಕಿದರೆ ಗಾಡಿ ಬಂದು ನಿಂತಿರುತ್ತಿತ್ತು, ಫ್ಲಾಸ್ಕ್ ಖಾಲಿಯಾಗಿರುತ್ತಿತ್ತು.

"ಗಾಡಿ ಬಂತಾ?" ಎಂದು ಇವರು ಕೇಳುವರು.

"ಆಗ್ಲೇ ಬಂತು. ನಿಮಗೆ ಕೇಳಿಸ್ಲಿಲ್ವಾ?"

"ಇಲ್ಲ."

ಮೊದಮೊದಲು ನಿದ್ದೆಯಲ್ಲಿದ್ದಿರಬೇಕು ಎಂದುಕೊಂಡೆ. ದಿನವೂ ಅದೇ ಆದಾಗ, ಪಾಪ, ಇವರ ಕಿವಿಯೂ ಹೋಯಿತು ಎಂದು ತೀರ್ಮಾನಿಸಿಬಿಟ್ಟೆ. ನನ್ನ ಕಿವಿ ಮಂದವಾದ ಮೇಲೆ ಲೋಕದಲ್ಲಿ ಯಾರ ಕಿವಿ ಮಂದವಾದರೂ ನನಗೆ ಆಶ್ಚರ್ಯವಿಲ್ಲ. "ಕೋಲಾರಕ್ಕೆ ಹೇಳಿ ಒಂದು ಹಿಯರಿಂಗ್ ಏಯ್ಡ್ ತರಿಸೋಣ, ನನಗೊಂದು ನಿಮಗೊಂದು, ಮ್ಯಾಚಿಂಗ್ ಪೇರ್" ಎಂದು ನಗಿಸಲು ನೋಡಿದೆ. ಅವರು ನಗಲಿಲ್ಲ.

"ನನ್ ಕಿವಿ ಸರಿಯಾಗೈತೆ ಕಣೇ. ಗಾಡೀನೇ ಓಡ್ತಿಲ್ಲ."

"ಹೊರಗೆ ನಿಂತಿದೇರೀ. ಕುರ್ಚೀಲಿ ಕೂರಿಸಿ ತೋರಿಸ್ಲಾ?"

"ನಿಂತಿರೋ ಗಾಡಿ ಏನ್ ನೋಡ್ಲಿ? ಓಡೋ ಗಾಡಿಯಾದ್ರೆ ಕೇಳಿಸ್ತಿತ್ತು."

ತಾವು ಮಲಗಿದ ಮೇಲೆ ಲೋಡು ಸಿಗದೆ, ನಡೆಸುವವರಿಲ್ಲದೆ ಗಾಡಿ ನಿಂತೇಹೋಗಿದೆ, ಅದನ್ನು ನಾವೆಲ್ಲ ಸೇರಿ ಮುಚ್ಚಿಡುತ್ತಿದ್ದೇವೆ ಎಂದು ಅವರು ನಂಬಿದ್ದರು. ಸಂಜೆ ಮುನಿರಾಜು ಬಾಗಿಲಿಗೆ ಬಂದು ಕೈಮುಗಿದು, ತಗ್ಗಿದ ದನಿಯಲ್ಲಿ "ಲೋಡು ಚೆನ್ನಾಗಿ ಹೋಯ್ತು ಯಜಮಾನ್ರೇ, ಗಾಡಿ ಜಮ್ಮಂತ ಓಡ್ತೈತೆ" ಎಂದು ಹೇಳಿ ಹೋಗುವನು. ಇವರು ತಲೆಯಾಡಿಸುವರು. ಅವನು ಹೋದ ಮೇಲೆ ಗೋಡೆಯ ಕಡೆ ಹೊರಳಿ, "ಪಾಪ, ಅವನ ಬಾಯಲ್ಲೂ ಸುಳ್ಳು ಹೇಳಿಸ್ತಿದ್ದೀರಲ್ಲೇ" ಎನ್ನುವರು.

ನಾನು ಆಣೆ ಮಾಡಿದೆ. ಶ್ರೀನಾಥ ಟೊಮೇಟೊ ಮಂಡಿಯ ಮಾತೆಲ್ಲ ತಂದು ಹೇಳಿದ. ಏನೂ ನಾಟಲಿಲ್ಲ. ಮಧ್ಯಾಹ್ನವಾಗುತ್ತಲೇ ಅವರ ಮುಖ ರಸ್ತೆಯ ಕಡೆ ತಿರುಗುತ್ತಿತ್ತು. ಕಣ್ಣು ಮುಚ್ಚಿರುತ್ತಿದ್ದರು, ಆದರೆ ನಿದ್ದೆಯಲ್ಲ. ಅದು ಕಿವಿಗೊಟ್ಟು ಮಲಗಿದವರ ಮುಖ, ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಾಗುವುದಿಲ್ಲವೇ? ಆ ಮುಖ ಇಟ್ಟುಕೊಂಡೇ ಒಂದು ಮಧ್ಯಾಹ್ನ ಹೋಗಿಬಿಟ್ಟರು. ಅದರ ಬಗ್ಗೆ ಹೆಚ್ಚು ಬರೆಯಲಾರೆ, ಎಕ್ಸ್‌ಕ್ಯೂಸ್ ಮಿ.

ಅವರು ಹೋಗಿ ಕೆಲವು ತಿಂಗಳಾಗಿತ್ತು. ಮಾವಿನ ಲೋಡು ಶುರುವಾಗುವ ಹೊತ್ತಿಗೆ ಗಾಡಿ ಏರಿನಲ್ಲಿ ಎಳೆಯದಂತಾಯಿತು. ಹಿಂದೆ ಬರುವವರಿಗೆ ರಸ್ತೆ ಕಾಣದಷ್ಟು ನೀಲಿ ಹೊಗೆ. ಸಿಳ್ಳೆ ಹೋಗಿ ಕರಕರ ಸದ್ದು. ಮುಳಬಾಗಿಲಿನಲ್ಲಿ ಅಫ್ಸರ್ ಎಂಬ ಮೆಕ್ಯಾನಿಕ್ಕಿನ ಶೆಡ್ಡಿಗೆ ಒಯ್ದರು. ಮುನಿರಾಜುವನ್ನು ಅಲ್ಲೇ ಕೆಲಸದಿಂದ ಬಿಡಿಸುವುದೆಂದು ಶ್ರೀನಾಥ ಹೊರಟಿದ್ದರಿಂದ ನಾನೂ ಹಿಂದೆಯೇ ಹೋದೆ. ಗಾಡಿ ಈಗ ನನ್ನ ಹೆಸರಿನಲ್ಲಿದೆಯಲ್ಲ, ಆ ಜಂಭ. ಸೀರೆಯ ಸೆರಗು ಎತ್ತಿ ಹಿಡಿದು ಗ್ರೀಸಿನ ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಹಾರಾಣಿಯ ಹಾಗೆ ಕೂತೆ. ಎದ್ದಾಗ ಕುರ್ಚಿಯ ಗ್ರೀಸೆಲ್ಲ ನನ್ನ ಸೀರೆಯಲ್ಲಿತ್ತು.

ಅಫ್ಸರ್ ಮಾತಿನ ಮಲ್ಲ. ಟರ್ಬೋ ಬಿಚ್ಚಿ ತಂದು, ಒಳಗಿನ ಫ್ಯಾನನ್ನು ಬೆರಳಿನಿಂದ ಅಲ್ಲಾಡಿಸಿ ನಮ್ಮ ಮುಖಕ್ಕೆ ಹಿಡಿದ. ಅದು ಸಡಿಲ ಹಲ್ಲಿನ ಹಾಗೆ ಲಡಲಡ ಆಡಿತು. ರೆಕ್ಕೆಗಳು ಸುತ್ತಲಿನ ಗೋಡೆಗೆ ಉಜ್ಜಿ ಸವೆದಿದ್ದವು.

"ಖತಂ ಅಮ್ಮಾ. ಒಳಗಿನ ಕೋರ್ ಬದ್ಲಾಯಿಸಿ ಉಪ್ಯೋಗ ಇಲ್ಲ, ಹೊರಗಿನ ಹೌಸಿಂಗೂ ತಿಂದಾಕೈತೆ. ಹೊಸಾದೇ ಹಾಕ್ಬೇಕು" ಎಂದ. ಆಮೇಲೆ ಆಯಿಲ್ ಪೈಪನ್ನು ತಟ್ಟಿ ತೋರಿಸಿದ. ಒಳಗಿಂದ ಕರೀ ಹಕ್ಕಳೆ ಉದುರಿತು. "ನೋಡಿ, ಆಯಿಲ್ ಸುಟ್ಟು ಇದ್ದಿಲಾಗೈತೆ. ಏರಾಗೆ ಎಳ್ದು ಎಳ್ದು, ಬಿಸಿ ಮೇಲೇ ದಿನಾ ಟಪ್ ಅಂತ ಆಫ್ ಮಾಡಿರೋ ಕೆಲ್ಸ ಇದು. ಏನ್ ಡ್ರೈವರ್ ಸಾಬ್, ಬೀಡಿ ಅಷ್ಟು ಅರ್ಜೆಂಟಾ?"

ಮುನಿರಾಜು ಲಾರಿಯ ಟೈರಿನ ಹತ್ತಿರ ನಿಂತು ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ.

"ಮಾತಾಡೋ" ಎಂದ ಶ್ರೀನಾಥ. "ಅಣ್ಣ ಇದ್ದಾಗ ಸೀಟಲ್ಲೇ ಕೂತು ಕಾಫಿ ಕುಡೀತಿದ್ದೆ. ಅಣ್ಣ ಮಲಗಿದ್ದೇ ತಡ, ಹೇಳೋರು ಕೇಳೋರು ಇಲ್ಲ ಅಂತ ಹಿಂಗ್ ಮಾಡಿದ್ಯಾ? ಅನ್ನ ತಿಂದ ಮನೆ ಕಣೋ ಅದು!"

"ತಪ್ಪಾಯ್ತು ಚಿಕ್ಕೆಜಮಾನ್ರೇ."

"ತಪ್ಪಾಯ್ತು ಅಂದ್ರೆ ಟರ್ಬೋ ಬರ್ತದಾ? ಇಡು, ಬೀಗದಕೈ ಇಡು."

ಮುನಿರಾಜು ಸೊಂಟದಿಂದ ಬೀಗದಕೈ ತೆಗೆದು, ಎರಡೂ ಕೈಯಲ್ಲಿ ಹಿಡಿದು ತಂದು, ಶ್ರೀನಾಥನ ಕೈಗೆ ಕೊಡದೆ ನನ್ನ ಮುಂದೆ ಸ್ಟೂಲಿನ ಮೇಲೆ ಇಟ್ಟ. ಪೂಜೆಯ ತಟ್ಟೆ ಇಡುವ ಹಾಗೆ. ಅಷ್ಟು ಜತನ ಇರುವವನು ಗಾಡಿಯನ್ನು ಹೀಗೇಕೆ ಮಾಡಿದ? ನನಗೆ ತಾಳಲಾಗಲಿಲ್ಲ. "ಶ್ರೀನಾಥ, ನನಗೊಂದು ಸೋಡಾ ತಗೊಂಬಾಪ್ಪ" ಎಂದು ಅವನನ್ನು ಅಂಗಡಿಗೆ ಕಳಿಸಿ, ಇವನನ್ನು ಹತ್ತಿರ ಕರೆದೆ.

"ಮುನಿರಾಜು, ನಿಜ ಹೇಳು. ಎಲ್ಲಿ ಆಫ್ ಮಾಡ್ತಿದ್ದೆ?"

"ಹುಣಸೇಮರದ ತಾವ, ಅಮ್ಮ" ಎಂದ.

"ದಿಬ್ಬದ ಮೇಲಾ? ಮನೆ ಇನ್ನೂ ದೂರ ಇರೋವಾಗ್ಲೇ?"

"ಹತ್ತಿದ್ ತಕ್ಷಣ ಆಫ್ ಮಾಡಿ ನ್ಯೂಟ್ರಲ್‌ನಾಗೆ ಉರುಳಿಸ್ಕಂಡ್ ಬರ್ತಿದ್ದೆ. ಎಂಜಿನ್ ಇಲ್ದೆ ಸ್ಟೀರಿಂಗ್ ಕಲ್ಲಾಗ್ತದೆ, ಎರಡು ಕೈಲೂ ಜಗ್ಗಿ ಗೇಟಿಗೆ ತರ್ತಿದ್ದೆ. ಹೊರಡೋವಾಗ್ಲೂ ಹಂಗೇ, ಇಳಿಜಾರಿನ ಕೆಳೀಕ್ಕೆ ಉರುಳಿಸ್ಕಂಡ್ ಹೋಗಿ ಅಲ್ಲಿ ಸ್ಟಾರ್ಟ್ ಮಾಡ್ಕಂತಿದ್ದೆ."

"ಯಾಕೋ?"

"ನಿದ್ದೆ ಕೆಡಬಾರ್ದು ಅಂತ ಡಾಕ್ಟ್ರು ಹೇಳಿದ್ರಲ್ಲಮ್ಮ. ಯಜಮಾನ್ರ ಕಿವಿ ನಂಗೊತ್ತಿಲ್ವಾ? ಸಿಳ್ಳೆ ಕೇಳಿದ್ರೆ ಎದ್ಬಿಡೋರು. ಟರ್ಬೋಗೆ ಒಳ್ಳೇದಲ್ಲ ಅಂತ ಗೊತ್ತಿತ್ತಮ್ಮ. ಟರ್ಬೋ ಇನ್ನೊಂದು ಬರ್ತದೆ ಅಂದ್ಕಂಡೆ."

ನಾನು ಪ್ಲಾಸ್ಟಿಕ್ ಕುರ್ಚಿಯ ಕೈ ಹಿಡಿದುಕೊಂಡೆ. ನನ್ನ ಕಿವಿಯಲ್ಲಿ ಇವರ ದನಿ. "ನನ್ ಕಿವಿ ಸರಿಯಾಗೈತೆ ಕಣೇ." ಸರಿಯಾಗಿಯೇ ಇತ್ತು. ಇಡೀ ಮನೆಯಲ್ಲಿ ಸರಿಯಾಗಿದ್ದ ಕಿವಿ ಅದೊಂದೇ. ಇತ್ತ ಅವರು ಆ ಒಂದು ಸಿಳ್ಳೆಗಾಗಿ ಉಸಿರು ಬಿಗಿಹಿಡಿದು ಮಲಗಿರುವಾಗ, ಅತ್ತ ಗೋಡೆಯ ಆಚೆ ಇವನು ಇಡೀ ಲಾರಿಯನ್ನು ಮಗುವಿನ ತೊಟ್ಟಿಲು ಸರಿಸುವ ಹಾಗೆ ಸದ್ದಿಲ್ಲದೆ ತಂದು ನಿಲ್ಲಿಸುತ್ತಿದ್ದ. ನಡುವೆ ನಾನು, ಇಬ್ಬರ ಪ್ರೀತಿಯೂ ಕೇಳಿಸದೆ ತೂಕಡಿಸುತ್ತಿದ್ದೆ.

"ಶ್ರೀನಾಥನಿಗೆ ಯಾಕೆ ಹೇಳ್ಲಿಲ್ಲ?"

"ಹೋದೋರ ಮೇಲೆ ಹಾಕ್ದಂಗಾಗ್ತದಲ್ಲಮ್ಮ. ಅವ್ರಿಗೋಸ್ಕರ ಅಂತ ಹೇಳಿ ಕೆಲ್ಸ ಉಳಿಸ್ಕಬೇಕಾ?"

ಶ್ರೀನಾಥ ಸೋಡಾ ತಂದ. ಬೀಗದಕೈಯನ್ನು ನಾನೇ ಎತ್ತಿ ಮುನಿರಾಜುವಿನ ಕೈಗೆ ಹಾಕಿದೆ. "ಗಾಡಿ ಇವನೇ ಓಡಿಸ್ತಾನೆ" ಎಂದೆ.

"ಏಂ ವದಿನಾ, ಯಾಕಂತ ಕೇಳಬೋದಾ?" ಎಂದ ಅವನು, ಮುಖ ದಪ್ಪ ಮಾಡಿಕೊಂಡು.

"ಕೇಳಬೇಡ. ಇದು ನಿಮ್ಮಣ್ಣನ ವಿಷಯ."

ಯಾವ ಇಂಗ್ಲಿಷ್ ಮಾತೂ ಸೇರಿಸದೆ ಹೇಳಿದ್ದರಿಂದಲೋ ಏನೋ ಅವನು ಸುಮ್ಮನಾದ. ನಾನು ಇಂಗ್ಲಿಷ್ ಬಿಟ್ಟು ಮಾತಾಡಿದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಭಯ. ಅಫ್ಸರ್ ಹೊಸ ಟರ್ಬೋ ಕೂರಿಸಲು ಇಡೀ ದಿನ ತೆಗೆದುಕೊಂಡ. ಪೈಪುಗಳನ್ನೆಲ್ಲ ತೊಳೆದ, ಆಯಿಲ್ ಬದಲಾಯಿಸಿದ, ನಡುನಡುವೆ ನಮ್ಮೆಲ್ಲರಿಗೂ ಬುದ್ಧಿ ಹೇಳಿದ. ಹಳೆಯದನ್ನು ಗುಜರಿಗೆ ಹಾಕಲು ಹೊರಟವನ ಕೈಯಿಂದ ನಾನು ಇಸಿದುಕೊಂಡೆ. ಅದಕ್ಕೂ ಅವನು ಜೋಕ್ ಹೊಡೆದ, ಏನೆಂದು ನನಗೆ ಕೇಳಿಸಲಿಲ್ಲ.

ಮುಂದಿನದನ್ನು ನಿಮಗಷ್ಟೇ ಹೇಳುತ್ತಿದ್ದೇನೆ. ಮುನಿರಾಜು ಇಂಥದ್ದೆಲ್ಲ ಓದುವವನಲ್ಲ. ನಿಮಗೆ ಮುಳಬಾಗಿಲು ರಸ್ತೆಯಲ್ಲಿ ಎಲ್ಲಾದರೂ ಅವನು ಸಿಕ್ಕರೆ ದಯವಿಟ್ಟು ಹೇಳಬೇಡಿ.

ಶ್ರೀನಾಥ ಬೈಕಿನಲ್ಲಿ ಮುಂದೆ ಹೋದ. ನಾನು ಬಸ್ಸು ಬೇಡವೆಂದು ಲಾರಿಯ ಕ್ಯಾಬಿನ್ ಹತ್ತಿದೆ. ಹತ್ತಿದೆ ಎಂದರೆ ಅಫ್ಸರನ ಶೆಡ್ಡಿನವರೆಲ್ಲ ಸೇರಿ ನನ್ನನ್ನು ಲೋಡ್ ಮಾಡಿದರು. ಊರು ದಾಟಿ ಮಾವಿನ ತೋಪುಗಳ ನಡುವೆ ಹೊರಟೆವು. ಹೊಸ ಟರ್ಬೋ ಸಿಳ್ಳೆ ಹಾಕುತ್ತಿದೆ ಎಂದು ಮುನಿರಾಜು ಹೇಳಿದ. ನಾನು ಕೇಳಿಸಿದವಳ ಹಾಗೆ ತಲೆಯಾಡಿಸಿದೆ. ಬಿಸಿಲು ಇಳಿಯುತ್ತಿತ್ತು. ಆಮೇಲೆ ಅವನು ರಸ್ತೆಯಿಂದ ಕಣ್ಣು ತೆಗೆಯದೆ, ನನಗೆ ಕೇಳಿಸಲೆಂದು ದನಿ ಎತ್ತರಿಸಿ ಕೇಳಿದ.

"ಅಮ್ಮಾ, ಒಂದ್ ಮಾತು. ಯಜಮಾನ್ರು ಆಗ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ರಾ?"

ಅವನ ಎರಡು ಕೈಯೂ ಸ್ಟೀರಿಂಗಿನ ಮೇಲಿದ್ದವು. ಎಂಜಿನ್ನಿಲ್ಲದ ಗಾಡಿಯನ್ನು ದಿನವೂ ಜಗ್ಗಿ ತಿರುಗಿಸಿದ ಕೈಗಳು.

"ಮಾಡ್ತಿದ್ರು ಕಣೋ" ಎಂದೆ. "ನೀನು ಬಂದಿದ್ದೇ ಅವರಿಗೆ ಗೊತ್ತಾಗ್ತಿರ್ಲಿಲ್ಲ."